ಕೀವ್ ನಗರದ ಹೆಸರಿಗೆ ಒಡೆಯನಾರು?

ನೀಪರ್ ನದಿಯ ಬಲದಂಡೆಯ ಗುಡ್ಡಗಳ ಮೇಲೆ ಹರಡಿಕೊಂಡಿರುವ ಕೀವ್ ನಗರಕ್ಕೆ ಆ ಹೆಸರು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಆ ನಾಡಿನ ಆದ್ಯ ಇತಿಹಾಸಗ್ರಂಥದಲ್ಲಿಯೇ ಉತ್ತರವುಂಟು. ಆದರೆ ಅದನ್ನು ಬರೆದವನು ಸರ್ವಸಮ್ಮತವಾದ ಸಂಗತಿಯೊಂದನ್ನು ಅರುಹುವವನ ನಿಶ್ಚಿಂತೆಯಿಂದ ಬರೆಯದೆ, ಎದುರು ನಿಂತ ಪ್ರತಿವಾದಿಯ ಬಾಯಿ ಮುಚ್ಚಿಸಹೊರಟವನ ಆವೇಶದಿಂದ ಬರೆದಿರುವನು. ಹೆಸರಿನ ಮೂಲವನ್ನು ಕುರಿತು ನಮಗೆ ದೊರೆಯುವ ಈ ಹಳೆಯ ಬರೆಹವು ಹೀಗೆ ಒಂದು ಖಂಡನೆಯೇ ಆಗಿದೆ. ಅಲ್ಲಿಂದ ಈಚಿನ ಒಂಬೈನೂರು ವರ್ಷಗಳಲ್ಲಿ ಈ ವಾದಸಭೆಗೆ ಬಂದು ಕುಳಿತವರು ಅನೇಕರು: ಅರ್ಮೇನಿಯದ ಪುರಾಣವನ್ನು ಹಿಡಿದು ಬಂದವರುಂಟು, ಖಜರ್ ಮಂತ್ರಿಯೊಬ್ಬನನ್ನು ಸಾಕ್ಷಿಗೆ ಕರೆತಂದವರುಂಟು, ಕಡೆಗೆ ನಮ್ಮ ಭರತಖಂಡದಿಂದ ಓಡಿಹೋದರೆಂದು ಹೇಳಲಾದ ಇಬ್ಬರು ರಾಜಪುತ್ರರೂ ಈ ಸಭೆಯ ಒಂದು ಮೂಲೆಯಲ್ಲಿ ಕಾಣಿಸಿಕೊಂಡಿರುವರು.

ಆದ್ಯ ಗ್ರಂಥವೆಂದು ನಾನು ಹೇಳಿದ್ದು ‘ಗತವರ್ಷಗಳ ವೃತ್ತಾಂತ’ವೆಂಬ ಹೆಸರಿನ ಕಾಲಾನುಕ್ರಮದ ಕಥನವನ್ನು. 1113ರ ಸುಮಾರಿಗೆ ಕೀವ್ ನಗರದಲ್ಲಿಯೇ ಸಂಕಲಿತವಾದ ಇದನ್ನು ಅಲ್ಲಿನ ಪೆಚೆರ್ಸ್ಕ್ ಗುಹಾಮಠದ ನೆಸ್ತೋರ್ ಎಂಬ ಸನ್ಯಾಸಿಯು ರಚಿಸಿದನೆಂದು ಪರಂಪರೆಯು ಹೇಳುತ್ತದೆ. ಇಂದು ನಮ್ಮ ಕೈಗೆ ಸಿಗುವ ಅತ್ಯಂತ ಹಳೆಯ ಪ್ರತಿಯನ್ನು 1377ರಲ್ಲಿ ಲವ್ರೆಂತಿ ಎಂಬ ಮತ್ತೊಬ್ಬ ಸನ್ಯಾಸಿ ನಕಲು ಮಾಡಿದನು. ಅದು ಹೇಳುವ ಕಥೆ ಹೀಗೆ: ಪೊಲ್ಯಾನೆ ಎಂಬ ಸ್ಲಾವ್ ಕುಲದವರು ನೀಪರ್ ತೀರದಲ್ಲಿ ತಂತಮ್ಮ ಮನೆತನಗಳ ಗುಂಪುಗಳಾಗಿ ಬಾಳುತ್ತಿದ್ದ ಕಾಲದಲ್ಲಿ ಅವರೊಳಗೆ ಮೂವರು ಸೋದರರಿದ್ದರು. ಹಿರಿಯವನು ಕೀಯ್, ನಡುವಿನವನು ಶ್ಚೆಕ್, ಕಿರಿಯವನು ಖೊರೀವ್. ಅವರ ತಂಗಿಯ ಹೆಸರು ಲೀಬಿದ್. ಕೀಯ್ ಒಂದು ಗುಡ್ಡದ ಮೇಲೆಯೂ ಶ್ಚೆಕ್ ಮತ್ತೊಂದರ ಮೇಲೆಯೂ ಖೊರೀವ್ ಮೂರನೆಯದರ ಮೇಲೆಯೂ ನೆಲಸಿ, ಮೂವರೂ ಸೇರಿ ಒಂದು ಕೋಟೆಯನ್ನು ಕಟ್ಟಿ, ಹಿರಿಯಣ್ಣನ ಹೆಸರನ್ನೇ ಅದಕ್ಕೆ ಇಟ್ಟರು. ಸುತ್ತಲೂ ದೊಡ್ಡ ಕಾಡಿದ್ದುದರಿಂದ ಅಲ್ಲಿ ಬೇಟೆಯಾಡಿಕೊಂಡಿದ್ದರು. ಶ್ಚೆಕ್ ನೆಲಸಿದ ಗುಡ್ಡವು ಇಂದಿಗೂ ಶ್ಚೆಕಾವಿತ್ಸ್ಯ ಎಂದೇ ಕರೆಯಿಸಿಕೊಳ್ಳುತ್ತದೆ. ಖೊರೀವನದು ಈಗ ಕೋಟೆಗುಡ್ಡವೆಂಬ ಹೆಸರಿನಲ್ಲಿರುವುದೇ ಆಗಿರಬೇಕೆಂದು ಬಹುಮಂದಿಯ ಊಹೆ. ತಂಗಿಯ ಹೆಸರಿನ ಲೀಬಿದ್ ತೊರೆಯು ಮಾತ್ರ ಪಾಪ, ಬೆಳೆದ ನಗರದ ಒತ್ತಡಕ್ಕೆ ಸಿಲುಕಿ ಬಹುಮಟ್ಟಿಗೆ ಕಾಂಕ್ರೀಟು ಕಾಲುವೆಗಳಲ್ಲಿ ಹರಿಯುತ್ತಿದೆ.

ಇಷ್ಟು ಹೇಳಿದೊಡನೆಯೇ ಸನ್ಯಾಸಿಯ ದನಿ ಬದಲಾಗುತ್ತದೆ. ಕೀಯ್ ಎಂಬವನು ದೋಣಿ ನಡೆಸುವ ಅಂಬಿಗನಾಗಿದ್ದನೆಂದೂ, ನದಿಯ ಆಚೆ ದಡದಿಂದ ಈಚೆ ದಡಕ್ಕೆ ಜನರನ್ನು ದಾಟಿಸುವ ಅವನ ಕಡವಿಗೆ ‘ಕೀಯನ ಕಡವು’ ಎಂದು ಜನ ಹೇಳುತ್ತ ಬಂದುದರಿಂದ ಊರಿಗೆ ಆ ಹೆಸರು ನಿಂತಿತೆಂದೂ ಕೆಲವರು ಹೇಳುತ್ತಿದ್ದರಂತೆ. ಹಾಗೆ ಹೇಳುವವರು ತಿಳಿಯದವರೆಂದು ಅವನು ಒಂದೇ ಮಾತಿನಲ್ಲಿ ತಳ್ಳಿಹಾಕಿ, ತನ್ನ ಹೇತುವನ್ನು ಮುಂದಿಡುತ್ತಾನೆ: ಕೀಯ್ ಬರಿಯ ಅಂಬಿಗನಾಗಿದ್ದ ಪಕ್ಷದಲ್ಲಿ ಸಾಮ್ರಾಟರ ನಗರವಾದ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗುವುದು ಅವನಿಗೆಲ್ಲಿ ಸಾಧ್ಯವಾಗುತ್ತಿತ್ತು? ಅವನು ತನ್ನ ಕುಲದ ಅರಸನಾಗಿದ್ದನು, ಚಕ್ರವರ್ತಿಯ ಬಳಿಗೆ ಹೋದನು, ಅಲ್ಲಿ ದೊಡ್ಡ ಮರ್ಯಾದೆಯನ್ನು ಪಡೆದನು. ಯಾವ ಚಕ್ರವರ್ತಿ ಎಂಬುದನ್ನು ಮಾತ್ರ ಹೇಳಿಲ್ಲ. ಹಿಂದಿರುಗುವ ದಾರಿಯಲ್ಲಿ ಡಾನ್ಯೂಬ್ ನದಿಯ ದಡದ ಒಂದು ಸ್ಥಳವು ಅವನ ಮನಸ್ಸಿಗೆ ಹಿಡಿಸಲು, ಅಲ್ಲಿ ಒಂದು ಪುಟ್ಟ ಕೋಟೆಯನ್ನು ಎತ್ತಿ ತನ್ನ ಪರಿವಾರದೊಡನೆ ನೆಲಸಬೇಕೆಂದು ಬಯಸಿದನಾದರೂ ಅಲ್ಲಿನ ನಿವಾಸಿಗಳು ಅದಕ್ಕೆ ಎಡೆಗೊಡಲಿಲ್ಲ; ಆ ಸ್ಥಳವನ್ನು ಡಾನ್ಯೂಬಿನವರು ಈಗಲೂ ಕೀಯೆವೆತ್ಸ್, ಎಂದರೆ ಕಿರಿಯ ಕೀವ್, ಎನ್ನುವರೆಂದು ಅವನ ಸಾಕ್ಷ್ಯ.

ತರ್ಕಶಾಸ್ತ್ರವನ್ನು ಓದಿದವನು ಈ ಹೇತುವನ್ನು ಕಂಡು ಮುಗುಳ್ನಗದೆ ಇರಲಾರ. ಅಂಬಿಗನಾದವನು ರಾಜಧಾನಿಗೆ ಹೋಗಲಾರನೆಂಬುದು ವ್ಯಾಪ್ತಿ. ಆದರೆ ಕೀಯ್ ರಾಜಧಾನಿಗೆ ಹೋಗಿದ್ದನೆಂಬ ಪಕ್ಷಧರ್ಮವೇ ಇನ್ನೂ ಸಿದ್ಧವಾಗಬೇಕಾಗಿದೆ. ಅಸಿದ್ಧವಾದುದರ ಬಲದಿಂದ ಅಸಿದ್ಧವಾದುದನ್ನೇ ಸಾಧಿಸಹೊರಟಿರುವ ಈ ಸನ್ಯಾಸಿಯನ್ನು ನಾವು ಅಲ್ಪಬುದ್ಧಿಯವನೆಂದು ಎಣಿಸಬೇಕಾಗಿಲ್ಲ. ಅವನ ಸಂಕಟ ಬೇರೆ. ಅವನು ಬರೆಯುತ್ತಿದ್ದುದು ಒಂದು ರಾಜವಂಶದ ಆಳ್ವಿಕೆಯ ನಗರದಲ್ಲಿ, ಆ ನಗರವು ಗ್ರೀಕರ ರಾಜಧಾನಿಯೊಡನೆ ಹೆಗಲೆಣೆಯಾಗಿ ನಿಲ್ಲಬೇಕೆಂಬ ಹಂಬಲವಿದ್ದ ಕಾಲದಲ್ಲಿ. ಅಂಥ ನಗರದ ಮೂಲಪುರುಷನು ಕೂಲಿ ಪಡೆದು ಜನರನ್ನು ಹೊಳೆ ದಾಟಿಸುತ್ತಿದ್ದವನೆಂದರೆ ಅದನ್ನು ಸಹಿಸುವುದು ಕಷ್ಟ. ನನ್ನ ಮಟ್ಟಿಗೆ, ಅವನು ಖಂಡಿಸಿರುವ ಅಂಬಿಗನ ಕಥೆಯೇ ಅವನ ಅರಸನ ಕಥೆಗಿಂತ ಹೆಚ್ಚು ಹಳತೆಂದು ತೋರುತ್ತದೆ, ಏಕೆಂದರೆ ಯಾರೂ ನಂಬದ ಕಥೆಯನ್ನು ಅಲ್ಲಗಳೆಯಲು ಯಾರೂ ಇಷ್ಟು ಶ್ರಮಪಡುವುದಿಲ್ಲ.

ಈ ಶಂಕೆಗೆ ಆಧಾರವೊಂದುಂಟು. ಉತ್ತರದ ನೋವ್ಗೊರೊದ್ ನಗರದಲ್ಲಿ ಉಳಿದುಬಂದಿರುವ ವೃತ್ತಾಂತವು, ರೋಮ್ ಅರಸನ ಹೆಸರಿನಿಂದ ರೋಮ್ ನಗರವಾದಂತೆ, ಅಂತಿಯೋಕನಿಂದ ಅಂತಿಯೋಕ್ಯವೂ ಅಲೆಕ್ಸಾಂದ್ರನಿಂದ ಅಲೆಕ್ಸಾಂದ್ರಿಯವೂ ಆದಂತೆ, ನಮ್ಮ ನಾಡಿನಲ್ಲಿ ಕೀಯನಿಂದ ಕೀವ್ ಆಯಿತೆಂದು ಗಂಭೀರವಾಗಿ ಪೀಠಿಕೆ ಹಾಕಿ, ಅದರ ಬೆನ್ನಿಗೇ ಈ ಕೀಯ್ ಅಂಬಿಗನೆಂದು ಕೆಲವರೂ ಬೇಟೆಗಾರನೆಂದು ಕೆಲವರೂ ಹೇಳುವರೆಂದು ಯಾವ ಸಂಕೋಚವೂ ಇಲ್ಲದೆ ಬರೆದಿದೆ. ಸಾಮ್ರಾಟನ ಭೇಟಿಯ ಮಾತು ಅಲ್ಲಿಲ್ಲ. ರಷ್ಯದ ವೃತ್ತಾಂತಗ್ರಂಥಗಳ ಪಾಠಸಂಶೋಧನೆಗೆ ತಳಹದಿಯನ್ನು ಹಾಕಿದ ಅಲೆಕ್ಸೇಯ್ ಶಾಖ್ಮತೊವ್ ಎಂಬ ಪಂಡಿತನು, ಗತವರ್ಷಗಳ ವೃತ್ತಾಂತಕ್ಕಿಂತ ಒಂದು ತಲೆಮಾರಿನಷ್ಟು ಹಿಂದಿನ, ಈಗ ಲುಪ್ತವಾಗಿರುವ ಸಂಕಲನವೊಂದರ ತುಣುಕುಗಳು ಈ ನೋವ್ಗೊರೊದ್ ಪಾಠದಲ್ಲಿ ಅಡಗಿವೆಯೆಂದು ವಾದಿಸಿದನು. ಆ ಮಾತು ನಿಜವಾದರೆ ಕೀಯ್ ಮೊದಲು ಹುಟ್ಟನ್ನು ಹಿಡಿದವನು, ರಾಜದಂಡವನ್ನು ಹಿಡಿದದ್ದು ಆಮೇಲೆ.

ಇನ್ನು ಶಬ್ದಶಾಸ್ತ್ರದ ಮಾತು. ಈ ಹೆಸರಿನ ಪ್ರಾಚೀನ ರೂಪ ಕೀಯೆವು ಎಂಬಂತೆ ಇದ್ದಿತು. ಸ್ಲಾವ್ ಭಾಷೆಗಳಲ್ಲಿ -ಒವ್, -ಎವ್ ಎಂಬುದು ಸ್ವಾಮ್ಯವನ್ನು ತೋರಿಸುವ ತದ್ಧಿತಪ್ರತ್ಯಯ. ಮೃದುವ್ಯಂಜನದ ಮುಂದೆ ಅದು -ಎವ್ ಆಗುತ್ತದೆ. ಆದುದರಿಂದ ಕೀಯ್ ಎಂಬ ಪ್ರಕೃತಿಗೆ ಈ ಪ್ರತ್ಯಯ ಸೇರಿ, ಕೋಟೆ ಎಂಬ ವಿಶೇಷ್ಯವು ಅಧ್ಯಾಹಾರವಾಗಿ, ‘ಕೀಯನದು’ ಎಂಬ ಅರ್ಥ ದೊರೆಯುವುದರಲ್ಲಿ ಏನೂ ಎಳೆದಾಟವಿಲ್ಲ. ಪಶ್ಚಿಮ ಉಕ್ರೇನಿನ ಲ್ವೀವ್ ನಗರದ ಹೆಸರೂ ಇದೇ ಅಚ್ಚಿನದು. ಅದನ್ನು ಹದಿಮೂರನೆಯ ಶತಮಾನದಲ್ಲಿ ದಾನಿಲೋ ಎಂಬ ಅರಸನು ಕಟ್ಟಿಸಿ ತನ್ನ ಮಗ ಲೇವ್ ಎಂಬವನ ಹೆಸರನ್ನಿಟ್ಟನು, ಆ ಮಗನು ಯಾರು, ಏನು ಮಾಡಿದನು, ಎಲ್ಲಿ ಆಳಿದನು ಎಂಬುದೆಲ್ಲ ಇತಿಹಾಸಕ್ಕೆ ಗೊತ್ತು. ಕೀಯ್ ಎಂಬ ಶಬ್ದಕ್ಕೆ ದೊಣ್ಣೆ, ಕೋಲು, ಕೊಡತಿ ಎಂಬ ಅರ್ಥಗಳು ಸ್ಲಾವ್ ಭಾಷೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ದೊಣ್ಣೆಯಂಥ ಆಳೆಂದು ಮನುಷ್ಯನಿಗೆ ಅಡ್ಡಹೆಸರು ಬೀಳುವುದು ಎಲ್ಲ ನಾಡುಗಳಲ್ಲಿಯೂ ನಡೆಯುವ ಸಂಗತಿ. ಆದರೆ ಕಡವಿನ ಕಡೆಯವರು ಇದೇ ಅರ್ಥವನ್ನು ತಮ್ಮತ್ತ ಎಳೆದುಕೊಂಡು, ದೋಣಿಕಟ್ಟೆಯಲ್ಲಿ ಹೂಳಿದ ಗೂಟಗಳಿಂದಲೋ ಮರದ ಕಂಬಗಳಿಂದಲೋ ಹೆಸರು ಬಂದಿರಬಾರದೇಕೆ ಎಂದು ಕೇಳುವರು. ಹಾಗಾದರೆ ಕೀಯ್ ಎಂಬ ಮನುಷ್ಯನೇ ಬೇಕಾಗಿಲ್ಲ.

ಮತ್ತೊಂದು ತೊಡಕು, ಕೀವ್ ಒಂದೇ ಇಲ್ಲದಿರುವುದು. ಮೊರಾವಿಯದಲ್ಲಿ ಕೀಯೊವ್ ಎಂಬ ಊರಿದೆ, ಸ್ಲೊವಾಕಿಯದಲ್ಲಿಯೂ ಅದೇ ಹೆಸರಿನದಿದೆ; ಕ್ರೊಯೇಶಿಯದ ಕ್ನೀನ್ ಪಟ್ಟಣದ ಬಳಿ ಕೀಯೆವೊ ಇದೆ, ಪೋಲೆಂಡಿನಲ್ಲಿ ಕೀಯೆವೋಗಳೂ ಕೀಯೂವ್‌ಗಳೂ ಇವೆ. ಇವೆಲ್ಲವನ್ನೂ ನೀಪರ್ ತೀರದ ಒಬ್ಬನೇ ಕೀಯ್ ಕಟ್ಟಿಸಿದನೆನ್ನುವಂತಿಲ್ಲ. ಕೀಯ್ ಎಂಬ ಹೆಸರಿನ ಆಸಾಮಿಗಳು ಹಲವರಿದ್ದರೆನ್ನಬೇಕು, ಇಲ್ಲವೆ ಆ ಶಬ್ದವು ಆ ಊರುಗಳಲ್ಲಿದ್ದ ಯಾವುದೋ ಸಾಮಾನ್ಯವಸ್ತುವನ್ನು ಹೇಳುತ್ತಿತ್ತೆನ್ನಬೇಕು. ಡಾನ್ಯೂಬಿನ ಕಿರಿಯ ಕೀವ್‌ನ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಸಂದೇಹ ಏಳುತ್ತದೆ: ಹೋಲುವ ಹೆಸರಿನ ಮತ್ತೊಂದು ಊರು ಡಾನ್ಯೂಬ್ ದಡದಲ್ಲಿರುವುದನ್ನು ಕೇಳಿ ತಿಳಿದಿದ್ದ ಸನ್ಯಾಸಿಯು, ಆ ಹೋಲಿಕೆಗೆ ಕಾರಣವನ್ನು ಕೊಡುವ ಸಲುವಾಗಿಯೇ ಕೀಯನನ್ನು ಅಷ್ಟು ದೂರ ಪ್ರಯಾಣ ಮಾಡಿಸಿದನೇನೋ! ವ್ಯಾಕರಣವು ಊರಿಗೆ ಒಬ್ಬ ಒಡೆಯನನ್ನು ಒದಗಿಸಿಕೊಡುತ್ತದೆ, ಅವನ ಗುರುತನ್ನು ಹೇಳುವುದಿಲ್ಲ. ರೊಮ್ಯುಲಸ್ ಎಂಬವನು ರೋಮ್ ನಗರದ ಹೆಸರಿನಿಂದ ಹುಟ್ಟಿದವನೇ ಹೊರತು ನಗರದ ಹೆಸರು ಅವನಿಂದ ಹುಟ್ಟಿದುದಲ್ಲವೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತಿರುವರು. ಶ್ಚೆಕಾವಿತ್ಸ್ಯ ಗುಡ್ಡದಿಂದ ಶ್ಚೆಕ್, ಲೀಬಿದ್ ತೊರೆಯಿಂದ ಲೀಬಿದ್ ಎಂಬ ತಂಗಿ, ಹೀಗೆ ಭೂಗೋಳವೇ ಒಂದು ಕುಟುಂಬವಾಗಿ ಮಾರ್ಪಟ್ಟಿರುವುದು ಅಸಂಭವವಲ್ಲ.

ಹೊರಗಿನವರು ಈ ಹೆಸರನ್ನು ಹೇಗೆ ಕೇಳಿಸಿಕೊಂಡರೆಂಬುದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುವೆನು. ಹತ್ತನೆಯ ಶತಮಾನದ ಅರಬ್ ಭೂಗೋಳಜ್ಞರಾದ ಅಲ್-ಇಸ್ತಖ್ರಿ, ಇಬ್ನ್ ಹೌಕಲ್ ಮುಂತಾದವರು ರೂಸ್ ಜನರ ಮೂರು ಪಂಗಡಗಳಲ್ಲಿ ಒಂದು ‘ಕೂಯಾಬ’ದಲ್ಲಿರುವುದೆಂದು ಬರೆದರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಮೆರ್ಸೆಬರ್ಗಿನ ಜರ್ಮನ್ ಬಿಷಪ್ ತೀತ್ಮಾರನು ಈ ನಗರದಲ್ಲಿ 400ಕ್ಕೂ ಮಿಕ್ಕ ದೇವಾಲಯಗಳೂ 8 ಸಂತೆಗಳೂ ಇವೆಯೆಂದು ಕಣ್ಣರಳಿಸಿ ಬರೆದನಾದರೂ ಹೆಸರನ್ನು ಮಾತ್ರ ಸೊಟ್ಟಮಾಡಿಟ್ಟನು. ಸ್ಕಾಂಡಿನೇವಿಯದ ಸಾಗಾಗಳಲ್ಲಿ ಇದು ‘ಕೇನುಗಾರ್ಡ್’. ಆ ಭಾಷೆಯಲ್ಲಿ ಕೇನ ಎಂದರೆ ಒಂದು ಬಗೆಯ ಚಿಕ್ಕ ದೋಣಿಯಾದ್ದರಿಂದ ದೋಣಿಗಳ ಊರೆಂಬ ಅರ್ಥವನ್ನು ಕಲ್ಪಿಸಿದವರಿದ್ದಾರೆ. ಇಲ್ಲಿಯೂ ನಮ್ಮ ಅಂಬಿಗನು ಇಣಿಕಿ ನೋಡುವನು; ಆದರೆ ಪರದೇಶದ ವರ್ತಕರು ಅರ್ಥವಾಗದ ಹೆಸರನ್ನು ತಮ್ಮ ನಾಲಗೆಗೆ ಪರಿಚಿತವಾದ ಮಾತಿನ ಅಚ್ಚಿಗೆ ಇಳಿಸಿಕೊಂಡರೆಂಬ ವಿವರಣೆಯೇ ನನಗೆ ಸಾಕೆನಿಸುತ್ತದೆ.

ಈಗ ಅರ್ಮೇನಿಯದ ಕಥೆ. ಜೆನೋಬ್ ಗ್ಲಾಕ್ ಎಂಬ ಸಿರಿಯದ ಪಾದ್ರಿಯ ಹೆಸರಿನಲ್ಲಿ ಪ್ರಚಾರದಲ್ಲಿರುವ, ಆದರೆ ಅವನು ಬದುಕಿದ್ದನೆನ್ನಲಾದ ನಾಲ್ಕನೆಯ ಶತಮಾನಕ್ಕಿಂತ ಬಹಳ ಈಚೆಗೆ ರಚಿತವಾದ, ‘ತಾರೋನಿನ ಇತಿಹಾಸ’ವೆಂಬ ಗ್ರಂಥವು ವಾನ್ ಸರೋವರದ ಪಶ್ಚಿಮಕ್ಕಿರುವ ತಾರೋನ್ ಸೀಮೆಯ ಸಂಗತಿಯನ್ನು ಹೇಳುತ್ತದೆ. ಗಿಸಾನೆ, ದೆಮೆತರ್ ಎಂಬ ಇಬ್ಬರು ಸೋದರರು, ಹಿಂದೂದೇಶದ ರಾಜಪುತ್ರರು, ತಮ್ಮ ಅರಸನ ವಿರುದ್ಧ ಸಂಚು ಮಾಡಿ, ಅದು ಬಯಲಾಗಲು ಪ್ರಾಣಭಯದಿಂದ ಓಡಿ ಅರ್ಮೇನಿಯದ ವಲರ್ಶಕ ರಾಜನ ಮೊರೆಹೊಕ್ಕರು. ಅವನು ತಾರೋನ್ ಸೀಮೆಯನ್ನು ಅವರಿಗೆ ಕೊಡಲು, ಅಲ್ಲಿ ಒಂದು ನಗರವನ್ನು ಕಟ್ಟಿಕೊಂಡು, ತಾಯ್ನಾಡಿನಲ್ಲಿ ಪೂಜಿಸುತ್ತಿದ್ದ ದೇವತೆಗಳ ವಿಗ್ರಹಗಳನ್ನು ಸ್ಥಾಪಿಸಿದರು. ಹದಿನೈದು ವರ್ಷಗಳ ಮೇಲೆ ಅದೇ ರಾಜನು ಅವರಿಬ್ಬರನ್ನೂ ಕೊಲ್ಲಿಸಿ, ಅಧಿಕಾರವನ್ನು ಅವರ ಮೂವರು ಮಕ್ಕಳಿಗೆ ಒಪ್ಪಿಸಿದನು. ಆ ಮಕ್ಕಳು ಕುವಾರ್, ಮೆಲ್ತೆಯ್, ಹೊರೆಯಾನ್. ಒಬ್ಬೊಬ್ಬನೂ ತನ್ನ ಹೆಸರಿನಲ್ಲಿ ಒಂದೊಂದು ಊರನ್ನು ಕಟ್ಟಿದನು. ಹೊರೆಯಾನನದು ಪಲೂನಿ ಎಂಬ ಸೀಮೆಯಲ್ಲಿತ್ತು. ಆಮೇಲೆ ಮೂವರೂ ಮಂತ್ರಾಲೋಚನೆ ಮಾಡಿ, ಬೇಟೆಗೂ ಹುಲ್ಲಿಗೂ ಸೌದೆಗೂ ಕೊರತೆಯಿಲ್ಲದ ತಂಪಾದ ಒಂದು ಬೆಟ್ಟವನ್ನು ಹುಡುಕಿ ಅದರ ಮೇಲೆ ನೆಲಸಿದರು.

ಕೀಯ್, ಶ್ಚೆಕ್, ಖೊರೀವ್. ಕುವಾರ್, ಮೆಲ್ತೆಯ್, ಹೊರೆಯಾನ್. ಮೊದಲನೆಯ ಹೆಸರುಗಳೂ ಮೂರನೆಯವೂ ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುವು. ಮೂವರು ಸೋದರರು, ಅವರವರ ಹೆಸರಿನ ನೆಲೆಗಳು, ಬೇಟೆಯ ಕಾಡು, ಬೆಟ್ಟದ ಮೇಲಿನ ವಾಸ, ಇವೆಲ್ಲ ಎರಡೂ ಕಡೆ ಒಂದೇ. ಪಲೂನಿ ಎಂಬುದಂತೂ ಪೊಲ್ಯಾನೆ ಎಂಬುದರ ಪ್ರತಿಧ್ವನಿಯಂತಿದೆ. ಇದನ್ನು 1920ರ ದಶಕದಲ್ಲಿ ವಿದ್ವತ್ಪ್ರಪಂಚದ ಮುಂದೆ ಎತ್ತಿ ಹಿಡಿದವನು ನಿಕೊಲಾಯ್ ಮಾರ್. ಅರ್ಮೇನಿಯ, ಜಾರ್ಜಿಯಗಳ ಹಳೆಯ ಗ್ರಂಥಗಳಲ್ಲಿ ಅವನಿಗೆ ಸಮನಾದ ಪಾಂಡಿತ್ಯವುಳ್ಳವರು ಅಂದು ಅಪರೂಪವಾಗಿದ್ದರು. ಆದರೆ ಪ್ರಪಂಚದ ಸಕಲ ಭಾಷೆಗಳೂ ನಾಲ್ಕು ಮೂಲಧಾತುಗಳಿಂದ ಹುಟ್ಟಿದವೆಂಬ ವಿಚಿತ್ರಸಿದ್ಧಾಂತವನ್ನು ಹಿಡಿದವನೂ ಅವನೇ ಆದುದರಿಂದ, 1950ರಲ್ಲಿ ಸ್ಟಾಲಿನ್ ಸ್ವತಃ ಲೇಖನಿ ಹಿಡಿದು ಆ ಸಿದ್ಧಾಂತವನ್ನು ಬಹಿಷ್ಕರಿಸಿದ ಮೇಲೆ, ಅವನ ಒಳ್ಳೆಯ ಮಾತುಗಳನ್ನೂ ಉದ್ಧರಿಸಲು ಜನ ಹಿಂಜರಿದರು. ಕಥೆಯು ಕಾಕಸಸ್ ಪರ್ವತವನ್ನು ದಾಟಿ ನೀಪರ್ ದಡಕ್ಕೆ ಬಂದಿತೋ, ನೀಪರ್ ದಡದಿಂದ ಅರ್ಮೇನಿಯಕ್ಕೆ ಹೋಯಿತೋ, ಎರಡಕ್ಕೂ ಸಮಾನವಾದ ಬೇರೊಂದು ಮೂಲವಿದ್ದಿತೋ, ಈ ಮೂರು ಪಕ್ಷಗಳಿಗೂ ವಕೀಲರಿರುವರು.

ನಮ್ಮ ದೇಶದವರಿಗೆ ಈ ಕಥೆಯ ಪರಿಚಯವು ಮಾರ್ ಎಂಬವನಿಗಿಂತ ಬಹಳ ಮುಂಚೆಯೇ ಆಗಿದ್ದಿತು. ಕಲ್ಕತ್ತೆಯಲ್ಲಿ ನೆಲಸಿದ್ದ ಅರ್ಮೇನಿಯನ್ ವಿದ್ವಾಂಸ ಯೊಹಾನ್ನೆಸ್ ಅವ್ದಾಲ್ ಎಂಬವರು 1836ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಪ್ರಾಚೀನ ಅರ್ಮೇನಿಯದಲ್ಲಿದ್ದ ಹಿಂದೂ ವಸಾಹತನ್ನು ಕುರಿತು ಜೆನೋಬನ ಗ್ರಂಥದ ಆಧಾರದಿಂದ ಲೇಖನವನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ನೀಳಕೇಶದ ಗಿಸಾನೆಯಲ್ಲಿ ಕೃಷ್ಣನನ್ನು ಕಂಡವರುಂಟು. ಕುವಾರ್ ಎಂಬುದನ್ನು ಓದಿದೊಡನೆ ‘ಕುವರ’ನೆಂದು ಉದ್ಗಾರ ತೆಗೆಯುವ ಆಸೆ ನಮ್ಮಂಥವರಿಗೂ ಆಗದೆ ಇರದು. ಆದರೆ ದೆಮೆತರ್ ಎಂಬುದು ಗ್ರೀಕರ ಧಾನ್ಯದೇವತೆಯ ಹೆಸರಾಗಿರುವುದನ್ನು ನೆನೆದರೆ ಆ ಉತ್ಸಾಹ ತಾನಾಗಿಯೇ ಇಳಿಯುತ್ತದೆ. ಸದ್ದಿನ ಸಾಮ್ಯವನ್ನೇ ನೆಚ್ಚಿ ಹೊರಟರೆ ಕೀವ್ ನಗರದ ಮೂಲಪುರುಷನು ಗಂಗಾತೀರದವನೆಂದು ಸಾಧಿಸುವುದಕ್ಕೂ ಹೆಚ್ಚು ಹೊತ್ತು ಹಿಡಿಯದು.

ಖಜರ್ ಪಕ್ಷವು ಇದಕ್ಕಿಂತ ಗಟ್ಟಿಯಾದ ನೆಲದ ಮೇಲೆ ನಿಂತಿದೆ. ವೊಲ್ಗಾ ನದಿಯ ಕೆಳಪಾತ್ರದಲ್ಲಿ ರಾಜಧಾನಿಯನ್ನು ಮಾಡಿಕೊಂಡು, ಅರಸುಮನೆತನದವರು ಯೆಹೂದ್ಯ ಧರ್ಮವನ್ನು ಸ್ವೀಕರಿಸಿ, ನೀಪರ್ ಪ್ರಾಂತದ ಸ್ಲಾವ್ ಕುಲಗಳಿಂದ ಕಪ್ಪವನ್ನು ಪಡೆಯುತ್ತಿದ್ದ ಪ್ರಬಲ ತುರ್ಕಿ ರಾಷ್ಟ್ರವದು. ಮೂವರು ಸೋದರರು ಸತ್ತು ಬಹುಕಾಲವಾದ ಮೇಲೆ ಈ ಊರು ಯಾರದೆಂದು ಕೇಳಿದ ಉತ್ತರದ ಸಾಹಸಿಗಳಿಗೆ, ಕಟ್ಟಿದವರು ಮಡಿದರು, ನಾವು ಖಜರರಿಗೆ ಕಪ್ಪವನ್ನು ತೆರುತ್ತಿರುವೆವು ಎಂದು ನಿವಾಸಿಗಳು ಉತ್ತರವಿತ್ತರೆಂಬುದನ್ನು ಅದೇ ವೃತ್ತಾಂತವೇ ಒಪ್ಪಿಕೊಂಡಿದೆ. 1962ರಲ್ಲಿ ನಾರ್ಮನ್ ಗೋಲ್ಬ್ ಎಂಬ ಅಮೆರಿಕದ ವಿದ್ವಾಂಸನು, ಕೈರೋ ನಗರದ ಹಳೆಯ ಯೆಹೂದ್ಯ ಮಂದಿರದ ಕಾಗದಪತ್ರದ ರಾಶಿಯಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಬಂದಿದ್ದ ಚೂರುಗಳನ್ನು ಪರಿಶೀಲಿಸುತ್ತಿದ್ದಾಗ, ಹೀಬ್ರೂ ಭಾಷೆಯ ಒಂದು ಓಲೆಯನ್ನು ಕಂಡನು. ಅದು ದಾನಯಾಚನೆಯ ಪತ್ರ. ಯಾಕೋಬ್ ಎಂಬವನ ತಮ್ಮನೋ ಅಣ್ಣನೋ ಅನ್ಯಧರ್ಮದವರಿಂದ ಸಾಲವನ್ನು ತೆಗೆದುಕೊಂಡಿದ್ದನು, ಯಾಕೋಬ್ ಹೊಣೆ ನಿಂತಿದ್ದನು. ದಾರಿಯಲ್ಲಿ ಕಳ್ಳರು ಸಾಲಗಾರನನ್ನು ಕೊಂದು ಹಣವನ್ನು ದೋಚಲು, ಧನಿಕರು ಹೊಣೆಗಾರನನ್ನು ಹಿಡಿದು ಕಾಲಿಗೆ ಬೇಡಿ, ಕೊರಳಿಗೆ ಸರಪಣಿ ಹಾಕಿ ಒಂದು ವರ್ಷ ಇರಿಸಿದರು. ಊರಿನ ಯೆಹೂದ್ಯ ಸಮುದಾಯವು 60 ನಾಣ್ಯಗಳನ್ನು ಕೊಟ್ಟು ಬಿಡಿಸಿ, ಉಳಿದ 40ಕ್ಕಾಗಿ ಪರಸ್ಥಳಗಳ ಧರ್ಮಬಂಧುಗಳಲ್ಲಿ ಬೇಡಿಕೊಳ್ಳಲೆಂದು ಈ ಓಲೆಯನ್ನು ಕೊಟ್ಟು ಕಳಿಸಿತು. ಬರೆದ ಸಮುದಾಯದ ಊರು ‘ಕಿಯ್ಯೋಬ್’. ಹತ್ತನೆಯ ಶತಮಾನದ್ದೆಂದು ಗೋಲ್ಬ್ ನಿರ್ಣಯಿಸಿದ ಈ ಓಲೆಯು ನಗರದ ಹೆಸರು ಆ ನೆಲದಲ್ಲಿಯೇ ಬರೆಯಲ್ಪಟ್ಟ ಮೊದಲ ದಾಖಲೆಯೆಂಬ ಗೌರವಕ್ಕೆ ಪಾತ್ರವಾಯಿತು.

ಓಲೆಯ ಕೆಳಮೂಲೆಯಲ್ಲಿ ತುರ್ಕಿ ಮಾದರಿಯ ಕೆತ್ತಕ್ಷರಗಳಲ್ಲಿ ಒಂದೇ ಒಂದು ಪದವಿದೆ. ಹಾರ್ವರ್ಡಿನಲ್ಲಿ ಉಕ್ರೇನ್ ಅಧ್ಯಯನಪೀಠವನ್ನು ಕಟ್ಟಿದ ಒಮೆಲ್ಯಾನ್ ಪ್ರಿತ್ಸಾಕ್ ಅದನ್ನು ‘ಓದಿದೆನು’ ಎಂಬ ಖಜರ್ ಅಧಿಕಾರಿಯ ಒಪ್ಪಿಗೆಯ ರುಜುವೆಂದು ಓದಿ, ಅಷ್ಟಕ್ಕೇ ನಿಲ್ಲದೆ ಊರಿನ ಹೆಸರಿಗೂ ಕೈಹಾಕಿದನು. ಅರಬ್ ಇತಿಹಾಸಕಾರ ಅಲ್-ಮಸೂದಿಯು ಖಜರ್ ರಾಜ್ಯದ ವಜೀರನು ಅಹ್ಮದ್ ಬಿನ್ ಕೂಯ ಎಂಬವನೆಂದು ತಿಳಿಸಿರುವನು. ಆ ಅಹ್ಮದನ ತಂದೆಯಾದ ಕೂಯ, ಖ್ವಾರಜ್ಮ್ ಮೂಲದ ಸೇನಾನಿ, ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿದನು, ಅವನ ಹೆಸರೇ ಊರಿಗೆ ನಿಂತಿತು ಎಂಬುದು ಪ್ರಿತ್ಸಾಕನ ಪ್ರತಿಪಾದನೆ. ಪಾಂಡಿತ್ಯವು ಅಗಾಧ, ಅನುಮಾನದ ಸರಪಳಿ ಮಾತ್ರ ತೆಳುವು: ಕೂಯ ಎಂಬವನು ನೀಪರ್ ತೀರಕ್ಕೆ ಕಾಲಿಟ್ಟನೆಂದು ಯಾವ ಗ್ರಂಥವೂ ಹೇಳುವುದಿಲ್ಲ, ಮೊರಾವಿಯದ ಕೀಯೊವನ್ನು ಕಟ್ಟಲು ಖಜರ್ ಸೇನಾನಿಯನ್ನು ಕಳಿಸುವುದು ದುಸ್ಸಾಧ್ಯ, ಕೆತ್ತಕ್ಷರದ ಓದಿಕೆಯನ್ನೂ ಆಮೇಲಿನ ತುರ್ಕಿ ಭಾಷಾಪಂಡಿತರು ಪ್ರಶ್ನಿಸಿರುವರು. ಓಲೆಗೆ ರುಜು ಹಾಕಿದವರಲ್ಲಿ ‘ಗೊಸ್ತ್ಯಾತ’ ಎಂಬ ಅಚ್ಚ ಸ್ಲಾವ್ ಹೆಸರಿನ ಯೆಹೂದ್ಯನೊಬ್ಬನಿರುವುದು, ಆ ಊರಿನಲ್ಲಿ ಯಾರು ಯಾರ ಭಾಷೆಯನ್ನು ಆಡುತ್ತಿದ್ದರೆಂಬುದನ್ನು ಇಷ್ಟು ಸುಲಭವಾಗಿ ಗೆರೆ ಎಳೆದು ಹೇಳಲಾಗದೆಂಬುದಕ್ಕೆ ಸಾಕ್ಷಿಯಾಗಿದೆ.

ಗೋಲ್ಬ್, ಪ್ರಿತ್ಸಾಕ್ ಇಬ್ಬರೂ ಸೇರಿ ಈ ಓಲೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದು 1982ರಲ್ಲಿ. ಸೋವಿಯತ್ ಸರ್ಕಾರವು ಕೀವ್ ನಗರದ ಸಾವಿರದೈನೂರನೆಯ ವಾರ್ಷಿಕೋತ್ಸವವನ್ನು ವೈಭವದಿಂದ ಆಚರಿಸಿದ್ದೂ ಅದೇ ವರ್ಷ! ಒಂದು ಕಡೆ ಹತ್ತನೆಯ ಶತಮಾನದ ಸಮೀಪಕ್ಕೆ ಬಂದು ನಿಂತ ಖಜರ್ ಕೋಟೆ. ಇನ್ನೊಂದು ಕಡೆ ಐದನೆಯ ಶತಮಾನದ ಸ್ಲಾವ್ ಅರಸ. ಉತ್ಸವದ ಹಿಂದಿದ್ದ ಲೆಕ್ಕಾಚಾರಕ್ಕೆ ಬೋರಿಸ್ ರಿಬಕೊವ್ ಮೊದಲಾದ ಪ್ರಾಕ್ತನಜ್ಞರ ಬೆಂಬಲವಿತ್ತು. ಕೀಯನಿಗೆ ಸನ್ಮಾನ ಮಾಡಿದ ಹೆಸರಿಲ್ಲದ ಚಕ್ರವರ್ತಿಯು 491ರಿಂದ 518ರವರೆಗೆ ಆಳಿದ ಅನಸ್ತಾಸಿಯಸ್ಸನೋ 527ರಲ್ಲಿ ಪಟ್ಟಕ್ಕೆ ಬಂದ ಜಸ್ಟಿನಿಯನ್ನನೋ ಇರಬೇಕು, ಅವರಿಬ್ಬರ ನಾಣ್ಯಗಳೂ ಕೀವ್ ನೆಲದಲ್ಲಿ ದೊರೆತಿವೆ ಎಂಬುದು ವಾದದ ಮುಖ್ಯಾಂಶ. ಆದರೆ ನಾಣ್ಯಗಳು ಕೈಯಿಂದ ಕೈಗೆ ನಡೆಯುವ ವಸ್ತುಗಳು. ಅವು ಬಂದುದರಿಂದ ಅರಸನು ಹೋದದ್ದು ಸಿದ್ಧವಾಗದು. 1970ರ ದಶಕದ ಆದಿಯಲ್ಲಿ ಸುರಂಗ ರೈಲುಮಾರ್ಗಕ್ಕಾಗಿ ನದೀತೀರದ ಪೊದಿಲ್ ಬಡಾವಣೆಯನ್ನು ಅಗೆದಾಗ ಕೆಸರಿನೊಳಗೆ ಕೊಳೆಯದೆ ಉಳಿದಿದ್ದ ಮರದ ಮನೆಗಳು ಸಿಕ್ಕವು. ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿದಾಗ ಅವುಗಳಲ್ಲಿ ಅತ್ಯಂತ ಹಳೆಯದು 887ರದೆಂದು ತಿಳಿಯಿತು. ಗುಡ್ಡದ ಮೇಲೆ ಅದಕ್ಕಿಂತ ಶತಮಾನಗಳಷ್ಟು ಹಿಂದಿನ ಸ್ಲಾವ್ ಮಡಕೆಗಳು ಸಿಕ್ಕಿರುವುದು ನಿಜವೇ. ಆದರೆ ಅಲ್ಲಲ್ಲಿ ಚದುರಿದ್ದ ಗುಡಿಸಲುಗಳನ್ನು ನಗರವೆನ್ನಬಹುದೋ, ಹೆಸರು ಆ ಗುಡಿಸಲುಗಳ ಕಾಲದ್ದೋ ಎಂಬುದನ್ನು ಮಡಕೆ ಹೇಳಲಾರದು. ಉತ್ಸವದ ನೆನಪಿಗಾಗಿ ಶಿಲ್ಪಿ ವಸೀಲ್ ಬೊರೊದಾಯ್ ನಿರ್ಮಿಸಿದ ಸ್ಮಾರಕವು ನೀಪರ್ ದಡದಲ್ಲಿದೆ; ಅದರಲ್ಲಿ ಮೂವರು ಸೋದರರೂ ದೋಣಿಯೊಂದರ ಮೇಲೆ ನಿಂತಿರುವರು, ತಂಗಿಯು ಮುಂತುದಿಯಲ್ಲಿ ಕೈಚಾಚಿ ನಿಂತಿರುವಳು. ಅರಸನನ್ನು ಗೌರವಿಸಲೆಂದು ಎತ್ತಿದ ವಿಗ್ರಹವೂ ಅವನನ್ನು ದೋಣಿಯಿಂದ ಇಳಿಸಲಿಲ್ಲವೆಂಬುದನ್ನು ಆ ಗುಹಾಮಠದ ಸನ್ಯಾಸಿಯು ಕಂಡಿದ್ದರೆ ಏನೆನ್ನುತ್ತಿದ್ದನೋ!

ಮಿಕ್ಕ ಊಹೆಗಳಿಗೆ ಹೆಚ್ಚು ಎಡೆ ಬೇಕಾಗಿಲ್ಲ. ತುರ್ಕಿಯಲ್ಲಿ ದಡವೆಂಬ ಅರ್ಥದ ‘ಕಿಯಿ’ಯನ್ನೂ ಫಿನ್ನಿಷ್ ಭಾಷೆಯಲ್ಲಿ ಕಲ್ಲೆಂಬ ಅರ್ಥದ ‘ಕಿವಿ’ಯನ್ನೂ ಮುಂದೊಡ್ಡಿದವರುಂಟು, ಪ್ರತ್ಯಯದ ಗತಿಯೇನೆಂದು ಕೇಳಿದರೆ ಇಬ್ಬರೂ ಮೌನ ತಾಳುವರು. ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಕಾಣುವ ಕೀಯೆವ್, ಕೀವ್ ಎಂಬ ಕಾಗುಣಿತದ ಜಗಳವು ಮೂಲದ ಜಗಳವಲ್ಲ. ಪ್ರತ್ಯಯದ ಎಕಾರವು ರಷ್ಯನ್ ಭಾಷೆಯಲ್ಲಿ ಹಾಗೆಯೇ ಉಳಿದು, ಉಕ್ರೇನಿಯನ್ನಿನಲ್ಲಿ ವ್ಯಂಜನಾಂತವಾದ ಅಕ್ಷರದೊಳಗೆ ಇಕಾರವಾಯಿತು. ವಿಭಕ್ತಿ ಹತ್ತಿ ಅಕ್ಷರವು ಸ್ವರಾಂತವಾದಾಗ ಅದೇ ಉಕ್ರೇನಿಯನ್ನಿನಲ್ಲಿ ಎಕಾರ ಮತ್ತೆ ತಲೆಯೆತ್ತುತ್ತದೆ. ಉಕ್ರೇನ್ 1995ರಲ್ಲಿ ತನ್ನ ಉಚ್ಚಾರಣೆಯನ್ನು ಅಧಿಕೃತಗೊಳಿಸಿತು, ಅಮೆರಿಕದ ಭೂಗೋಳನಾಮ ಮಂಡಲಿಯು 2019ರಲ್ಲಿ ಅದನ್ನು ಅಂಗೀಕರಿಸಿತು; ತನ್ನ ರಾಜಧಾನಿಯನ್ನು ಪರರು ತನ್ನ ನಾಲಗೆಯ ರೀತಿಯಲ್ಲಿ ಕರೆಯಬೇಕೆಂದು ಒಂದು ರಾಷ್ಟ್ರವು ಬಯಸುವುದರಲ್ಲಿ ತಪ್ಪೇನನ್ನೂ ನಾನು ಕಾಣೆನು.

ವಿವಾದಕ್ಕೆ ನಿಜವಾಗಿ ಯೋಗ್ಯವಾದುದೆಂದು ನನಗೆ ತೋರುವುದು ಈ ಹೆಸರಲ್ಲ, ಇದರ ಪಕ್ಕದಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡ ಇನ್ನೊಂದು ಹೆಸರು. ಗ್ರೀಕ್ ಚಕ್ರವರ್ತಿ ಏಳನೆಯ ಕಾನ್‌ಸ್ಟಾಂಟಿನನು 950ರ ಸುಮಾರಿಗೆ ತನ್ನ ಮಗನ ಶಿಕ್ಷಣಕ್ಕಾಗಿ ಬರೆಯಿಸಿದ ರಾಜ್ಯನೀತಿಯ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ, ಚಳಿಗಾಲದಲ್ಲಿ ಸ್ಲಾವರು ಕಾಡಿನಲ್ಲಿ ಕೊರೆದ ಮರದ ದೋಣಿಗಳು ನೋವ್ಗೊರೊದ್, ಸ್ಮೊಲೆನ್ಸ್ಕ್, ಚೆರ್ನೀಹಿವ್ ಕಡೆಗಳಿಂದ ಹೊಳೆಯ ಮೇಲೆ ತೇಲಿಬಂದು ‘ಸಂಬಾತಸ್ ಎಂಬ ಉಪನಾಮವುಳ್ಳ ಕಿಯೊವ’ ಕೋಟೆಯಲ್ಲಿ ಕೂಡುವುವೆಂದೂ, ಜೂನ್ ತಿಂಗಳಲ್ಲಿ ಅಲ್ಲಿಂದ ಸಮುದ್ರದ ಕಡೆಗೆ ಹೊರಡುವುವೆಂದೂ ವರ್ಣನೆಯಿದೆ. ಸಂಬಾತಸ್ ಎಂದರೇನು? ಯೆಹೂದ್ಯರ ಪುರಾಣದ ಸಂಬತ್ಯೋನ್ ನದಿಯೆಂದು ಕೆಲವರು, ಹಂಗೇರಿಯರ ಶನಿವಾರದ ಸಂತೆಯೆಂದು ಕೆಲವರು, ಸ್ಕಾಂಡಿನೇವಿಯರ ದೋಣಿಕೂಟವೆಂದು ಕೆಲವರು, ನದಿಗಳ ಸಂಗಮವನ್ನು ಹೇಳುವ ಸ್ಲಾವ್ ಮಾತೆಂದು ಇನ್ನು ಕೆಲವರು. ಕೀಯನಿಗಾದರೋ ಸೋದರರಿದ್ದರು, ಗುಡ್ಡವಿತ್ತು, ಅವನ ಪರವಾಗಿ ಕೂಗಾಡಲು ಒಬ್ಬ ಸನ್ಯಾಸಿಯಿದ್ದನು. ಸಂಬಾತಸ್ ಎಂಬುದಕ್ಕೆ ಕಥೆಯೂ ಇಲ್ಲ, ಗುಡ್ಡವೂ ಇಲ್ಲ, ಗತವರ್ಷಗಳ ವೃತ್ತಾಂತದಲ್ಲಿ ಅದರ ಸುಳಿವೂ ಇಲ್ಲ. ನೂರೈವತ್ತು ವರ್ಷಗಳ ಹಿಂದೆ ಚಕ್ರವರ್ತಿಯ ಆಸ್ಥಾನದವರೆಗೂ ತಲುಪಿದ್ದ ಉಪನಾಮವನ್ನು ಅದೇ ಊರಿನಲ್ಲಿ ಕುಳಿತು ಬರೆದವನು ಕೇಳಿರಲಿಲ್ಲವೋ, ಕೇಳಿಯೂ ಬಿಟ್ಟನೋ. ಅಂಬಿಗನನ್ನು ಖಂಡಿಸಲು ಅಷ್ಟೊಂದು ಮಾತುಗಳನ್ನು ವ್ಯಯಮಾಡಿದವನು ಇದಕ್ಕೆ ಒಂದಕ್ಷರವನ್ನೂ ಕೊಡಲಿಲ್ಲ.